ಸಣ್ಣದೊಂದು ಸಹಿ

ನಮ್ಮ ಊರಿನ ಪೊಲೀಸ್ ಠಾಣೆಯ ಮುಂದೆ ಒಂದು ಸೈಕಲ್ಲಿನ ಮೇಲೆ ಇಬ್ಬರು ಕೂತು ಹೋಗುವಂತಿರಲಿಲ್ಲ. ಡಬಲ್ ಸವಾರಿ ಅಪರಾಧ. ಹಾಗಾಗಿ ಹಿಂದೆ ಹೆಂಡತಿಯನ್ನು ಕೂರಿಸಿಕೊಂಡು ಸಂತೆಗೆ ಹೊರಟವನು, ಠಾಣೆ ಇನ್ನೂ ನೂರು ಹೆಜ್ಜೆ ಇದೆ ಅನ್ನುವಾಗಲೇ ಇಳಿದು, ಆಕೆಯನ್ನೂ ಇಳಿಸಿ, ಸೈಕಲ್ಲು ತಳ್ಳಿಕೊಂಡು, ಏನೋ ಗಹನವಾದ ಮಾತು ನಡೆದಿದೆ ಎಂಬಂತೆ ಮುಖ ಮಾಡಿಕೊಂಡು ನಡೆಯಬೇಕಿತ್ತು. ಠಾಣೆ ದಾಟಿ ಬೇಕರಿಯ ಮೂಲೆ ತಿರುಗಿದ ಕೂಡಲೇ ಇಬ್ಬರೂ ಮತ್ತೆ ಹತ್ತುತ್ತಿದ್ದರು. ಊರಿಗೆ ಊರೇ ಹೀಗೆ ಮಾಡುತ್ತಿತ್ತು. ನಾವು ಮತ್ತೆ ಹತ್ತುತ್ತೇವೆಂದು ಕಟ್ಟೆಯ ಮೇಲೆ ಕೂತ ಪೊಲೀಸರಿಗೆ ಗೊತ್ತಿತ್ತು. ಅವರಿಗೆ ಗೊತ್ತಿದೆ ಎಂಬುದು ನಮಗೂ ಗೊತ್ತಿತ್ತು. ಒಟ್ಟಿನಲ್ಲಿ ಕಾನೂನಿನ ಆಳ್ವಿಕೆ ನಮ್ಮಲ್ಲಿ ಇನ್ನೂರು ಹೆಜ್ಜೆ ಉದ್ದ ಇತ್ತು; ಅಷ್ಟು ದೂರ ಅದು ಚೆನ್ನಾಗಿಯೇ ನಡೆಯುತ್ತಿತ್ತು.

ಯಾವ ಊರು ಎಂದು ಹೇಳುವುದಿಲ್ಲ. ಎಂಬತ್ತರ ಮತ್ತು ತೊಂಬತ್ತರ ದಶಕಗಳಲ್ಲಿ ನಾನು ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಮೂರರಲ್ಲೂ ಹೈಸ್ಕೂಲು ಮಾಸ್ತರನಾಗಿದ್ದೆ. ಇದು ಉಳಿದ ಎರಡು ಊರುಗಳಲ್ಲಿ ಯಾವುದೋ ಒಂದರ ಕತೆ ಎಂದು ಮೂರೂ ಊರಿನವರು ಅಂದುಕೊಂಡರೆ ನನಗೆ ಅನುಕೂಲ.

ನಾನು ಕಲಿಸುತ್ತಿದ್ದದ್ದು ಸಮಾಜ ವಿಜ್ಞಾನ. ಅದರಲ್ಲಿ ಪೌರನೀತಿ ಅಂದರೆ ನನಗೆ ವಿಶೇಷ ಹುರುಪು. ಪೊಲೀಸರು ಅಪರಾಧಿಯನ್ನು ಹಿಡಿಯುತ್ತಾರೆ, ನ್ಯಾಯಾಲಯ ವಿಚಾರಿಸುತ್ತದೆ, ಕಾರಾಗೃಹ ತಿದ್ದುತ್ತದೆ, ಇದರಿಂದ ಸಮಾಜದಲ್ಲಿ ಶಿಸ್ತು ನೆಲೆಸುತ್ತದೆ ಎಂದು ಪ್ರತಿ ವರ್ಷ ನೋಟ್ಸು ಬರೆಸುತ್ತಿದ್ದೆ. ಒಂದು ಶಬ್ದ ಅತ್ತಿತ್ತ ಆಗದಂತೆ ಬರೆದವರಿಗೆ ಐದಕ್ಕೆ ಐದು ಅಂಕ. ಒಬ್ಬ ಹುಡುಗಿ ಮಾತ್ರ 'ಶಿಸ್ತು ನೆಲೆಸಬೇಕು' ಎಂದು ಬರೆದಿದ್ದಳು. ಅರ್ಧ ಅಂಕ ಕಡಿದಿದ್ದೆ.

ಇನ್ನು ನನ್ನ ಸಹಿಯ ವಿಷಯ. ದೇವರು ನನಗೆ ಎತ್ತರ ಕೊಡಲಿಲ್ಲ, ದನಿ ಕೊಡಲಿಲ್ಲ, ಮೂವತ್ತು ದಾಟುವುದರೊಳಗೆ ಕೂದಲನ್ನೂ ಹಿಂದಕ್ಕೆ ಪಡೆದ. ಬದಲಿಗೆ ಒಂದು ಸಹಿ ಕೊಟ್ಟ. ಕಾಲೇಜಿನಲ್ಲಿದ್ದಾಗ ನೋಟ್‌ಬುಕ್ಕುಗಳ ಹಿಂದಿನ ಹಾಳೆಗಳನ್ನೆಲ್ಲ ಖರ್ಚು ಮಾಡಿ ಸಾಧಿಸಿದ ಸಹಿ ಅದು. ಮೊದಲ ಅಕ್ಷರ ಎದ್ದು, ಬಳುಕಿ, ಇಡೀ ಹೆಸರಿನ ಮೇಲೆ ಚಪ್ಪರ ಹಾಕಿ, ಕೊನೆಗೆ ಕೆಳಗಿಳಿದು ಒಂದು ಗೆರೆ ಎಳೆದು ಎರಡು ಚುಕ್ಕೆ ಇಡುತ್ತಿತ್ತು. ಮಕ್ಕಳ ಪ್ರಗತಿ ಪತ್ರಗಳಿಗೆ ಸಹಿ ಮಾಡುವ ದಿನ ನಾನು ಮುಂಜಾನೆಯೇ ಪೆನ್ನಿಗೆ ಹೊಸ ಶಾಯಿ ತುಂಬಿಸುತ್ತಿದ್ದೆ.

ಆ ಸಹಿ ಒಂದು ದಿನ ಠಾಣೆಯ ಹವಾಲ್ದಾರರ ಕಣ್ಣಿಗೆ ಬಿತ್ತು. ಅವರ ಮಗ ನನ್ನ ತರಗತಿಯಲ್ಲಿದ್ದ. ಪ್ರಗತಿ ಪತ್ರ ಹಿಡಿದು ಶಾಲೆಗೆ ಬಂದವರು ಮಗನ ಅಂಕಗಳನ್ನು ಬಿಟ್ಟು ನನ್ನ ಸಹಿಯನ್ನೇ ನೋಡುತ್ತ ನಿಂತರು.

"ಏನ್ ಸಹಿ ಐತ್ರಿ ಸರ! ಇದನ್ನ ಕೋರ್ಟಿನ್ಯಾಗ ಇಟ್ರ ಯಾರ ಎದುರು ಮಾತಾಡ್ತಾರ್ರಿ?" ಅಂದರು.

ನನ್ನ ಜೀವಮಾನದಲ್ಲಿ ನನ್ನನ್ನು ಯಾರೂ ಅಷ್ಟು ಸರಿಯಾಗಿ ಅರ್ಥ ಮಾಡಿಕೊಂಡಿರಲಿಲ್ಲ. ಆ ವಾರವೇ ನಾನು ಪಂಚನಾದೆ.

ಪಂಚ ಅಂದರೆ, ಪೊಲೀಸರು ಏನನ್ನಾದರೂ ವಶಪಡಿಸಿಕೊಳ್ಳುವಾಗ ಪಕ್ಕದಲ್ಲಿ ನಿಂತು, ಕಣ್ಣಾರೆ ನೋಡಿ, ಬರೆದದ್ದರ ಕೆಳಗೆ ಸಹಿ ಹಾಕುವ ಊರಿನವನು. ಪೊಲೀಸರ ಮೇಲೆ ಕಣ್ಣಿಡಲೆಂದೇ ಕಾನೂನು ಮಾಡಿದ ಏರ್ಪಾಡು ಅದು. ಮೊದಮೊದಲು ನಾನು ನಿಜವಾಗಿಯೂ ಸ್ಥಳಕ್ಕೆ ಹೋಗುತ್ತಿದ್ದೆ. ಲಾರಿಯೊಂದು ಸೇತುವೆಯ ಕಟ್ಟೆಗೆ ಗುದ್ದಿದಾಗ ಅಳತೆಯ ಟೇಪಿನ ಒಂದು ತುದಿ ಹಿಡಿದು ಬಿಸಿಲಲ್ಲಿ ನಿಂತಿದ್ದೆ. ಆಮೇಲೆ ನಮ್ಮ ನಮ್ಮಲ್ಲಿ ವಿಶ್ವಾಸ ಬೆಳೆಯಿತು. ಪಂಚನಾಮೆ ಮೊದಲೇ ಬರೆದು ಸಿದ್ಧವಿರುತ್ತಿತ್ತು. ಹವಾಲ್ದಾರರು ಶಾಲೆಯ ಗೇಟಿಗೆ ಬಂದು, "ಸರ, ಸಣ್ಣದೊಂದು ಸಹಿ ಐತ್ರಿ. ಸಾಹೇಬ್ರು ಚಾ ಕುಡ್ಯಾಕ ಕರದಾರ" ಅನ್ನುತ್ತಿದ್ದರು. ನಾನು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಕೇಳುವಂತೆ "ಥೂ, ಇವರದೊಂದು ಕಾಟ" ಎಂದು ಗೊಣಗಿ, ಓಡುನಡಿಗೆಯಲ್ಲಿ ಹೋಗುತ್ತಿದ್ದೆ. ಠಾಣೆಯಲ್ಲಿ ನನಗೆ ಕೈಯಿರುವ ಕುರ್ಚಿ. ಶಾಲೆಯಲ್ಲಿ ಅಂಥದ್ದು ಹೆಡ್‌ಮಾಸ್ತರರಿಗೆ ಮಾತ್ರ ಇತ್ತು.

ಎಂಬತ್ತರ ದಶಕದ ನಡುವೆ, ಒಂದು ಬೇಸಿಗೆಯಲ್ಲಿ, ಊರಿನ ದೊಡ್ಡ ಮನೆಯೊಂದರ ಬಚ್ಚಲಿನಿಂದ ತಾಮ್ರದ ಹಂಡೆ ಕಳುವಾಯಿತು. ನಾಲ್ಕು ತಲೆಮಾರಿನ ಹಂಡೆಯಂತೆ. ಮನೆಯವರು ದೊಡ್ಡವರಾದ್ದರಿಂದ ಠಾಣೆಗೂ ಅವಸರವಾಯಿತು. ಮೂರನೆಯ ದಿನ ನನಗೆ ಚಹಾದ ಕರೆ ಬಂತು.

ಹೋಗಿ ನೋಡಿದರೆ ಹಂಡೆ ನೆಲದ ಮೇಲಿತ್ತು. ಅದರ ಪಕ್ಕ, ಗೋಡೆಗೆ ಆತುಕೊಂಡು, ಸ್ಟೋವ್ ರಿಪೇರಿಯವನು ಕುಕ್ಕುರುಗಾಲಲ್ಲಿ ಕೂತಿದ್ದ. ಬಸ್‌ಸ್ಟ್ಯಾಂಡಿನ ಹುಣಸೆಮರದ ಕೆಳಗೆ ಗೋಣಿ ಹಾಸಿಕೊಂಡು ಸೀಮೆಎಣ್ಣೆ ಸ್ಟೋವುಗಳ ಬಾಯಿ ಬಿಡಿಸುತ್ತಿದ್ದವನು. ಹರೆಯದಲ್ಲಿ ಸೈಕಲ್ಲು ಕದಿಯುತ್ತಿದ್ದ, ಬಿಟ್ಟು ಎಷ್ಟೋ ವರ್ಷವಾಗಿತ್ತು. ಆದರೆ ಠಾಣೆಯ ಪಟ್ಟಿಯಿಂದ ಹೆಸರು ಹೋಗಿರಲಿಲ್ಲ. ಊರಲ್ಲಿ ಏನು ಕಳೆದರೂ ಮೊದಲು ಅವನನ್ನು ಎಬ್ಬಿಸಿಕೊಂಡು ಬರುವುದು ವಾಡಿಕೆ. ಹಿಂದಿನ ವಾರವಷ್ಟೇ ನಮ್ಮ ಮನೆಗೆ ಬಂದು ಸ್ಟೋವ್ ಸರಿಮಾಡಿ ಕೊಟ್ಟುಹೋಗಿದ್ದ.

ನನ್ನನ್ನು ಕಂಡು ಅವನು ಅರ್ಧ ಎದ್ದ. "ನಮಸ್ಕಾರ್ರಿ ಮಾಸ್ತರ. ಸ್ಟೋ ಈಗ ಛಲೋ ಉರೀತೇತೇನ್ರಿ?"

"ಛಲೋ ಉರೀತೇತಪ" ಅಂದೆ. ಅಂದು, ಕುರ್ಚಿಯಲ್ಲಿ ಕೂತು, ಚಹಾ ಕುಡಿದು, ಪಂಚನಾಮೆ ಓದಿದೆ. 'ಸದರಿ ಆರೋಪಿತನು ಪಂಚರ ಸಮಕ್ಷಮ ಮುಂದೆ ಮುಂದೆ ನಡೆದು, ತನ್ನ ಪೂರ್ವಾಭಿಮುಖವಾದ ವಾಸದ ಮನೆಗೆ ಕರೆದುಕೊಂಡು ಹೋಗಿ, ಹಿತ್ತಲಿನ ಗೊಬ್ಬರದ ಗುಂಡಿಯಿಂದ ಸದರಿ ಹಂಡೆಯನ್ನು ತಾನಾಗಿ ತೆಗೆದು ಹಾಜರುಪಡಿಸಿದ್ದು' ಇತ್ಯಾದಿ. ವಾಕ್ಯ ಎಲ್ಲೂ ತೊಡರದೆ ಒಂದೂವರೆ ಪುಟ ಓಡಿತ್ತು. ಭಾಷೆ ಚೆನ್ನಾಗಿದೆ ಎಂದು ಹವಾಲ್ದಾರರಿಗೆ ಹೇಳಿದೆ. ಎರಡನೆಯ ಪಂಚ, ಠಾಣೆಯೆದುರಿನ ಪಾನ್ ಅಂಗಡಿಯವನು, ಆಗಲೇ ಸಹಿ ಮಾಡಿ ಹೋಗಿದ್ದ. ಅವನ ಸಹಿ ಸೊಟ್ಟಗಿತ್ತು. ಅದರ ಕೆಳಗೆ ನಾನು ನನ್ನ ಚಪ್ಪರ ಹಾಕಿ, ಗೆರೆ ಎಳೆದು, ಎರಡು ಚುಕ್ಕೆ ಇಟ್ಟೆ. ಸ್ಟೋವಿನವನು ಕೂತಲ್ಲಿಂದಲೇ ನೋಡುತ್ತಿದ್ದ. ನನ್ನ ಸಹಿಯನ್ನು ಮೆಚ್ಚಿರಬೇಕು ಎಂದು ಆಗ ನನಗೆ ಅನಿಸಿದ್ದನ್ನು ಇವತ್ತು ಬರೆಯಲು ನಾಚಿಕೆಯಾಗುತ್ತದೆ, ಆದರೆ ಅನಿಸಿದ್ದು ಹೌದು.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಆಕೆ ಅದೇ ಸ್ಟೋವಿನ ಮುಂದೆ ಕೂತು ಉಪ್ಪಿಟ್ಟು ಕೆದಕುತ್ತಿದ್ದಳು.

"ಅಂವ ಹಂಡೆ ಹೊರಗ ತೆಗೆಯೂದು ನೀವು ನೋಡಿದ್ರೇನು?"

"ನಾ ನೋಡಿದ್ರೇನು, ಪೊಲೀಸರು ನೋಡಿದ್ರೇನು? ಎಲ್ಲಾ ಸರ್ಕಾರನ ಅಲ್ಲೇನು?"

"ನೀವು ಯಾವಾಗಿಂದ ಸರ್ಕಾರ ಆದ್ರಿ?" ಅಂದಳು. ಉಪ್ಪಿಟ್ಟಿಗೆ ಉಪ್ಪು ಕಡಿಮೆಯಾಗಿದೆ ಎಂದು ಜಗಳ ತೆಗೆದೆ.

ಜಾಮೀನಿಗೆ ನಿಲ್ಲುವವರು ಸಿಗದೆ ಸ್ಟೋವಿನವನು ಮೂರು ತಿಂಗಳು ಜೈಲಿನಲ್ಲಿದ್ದ. ಹುಣಸೆಮರದ ಕೆಳಗೆ ಗೋಣಿಯ ಜಾಗ ಖಾಲಿ ಇತ್ತು. ನಾನು ದಿನಾ ಆ ದಾರಿಯಲ್ಲೇ ಶಾಲೆಗೆ ಹೋಗುತ್ತಿದ್ದೆ, ಮತ್ತು ತರಗತಿಯಲ್ಲಿ ಕಾರಾಗೃಹ ತಿದ್ದುತ್ತದೆ ಎಂದು ಬರೆಸುತ್ತಿದ್ದೆ. ನಮ್ಮ ಸ್ಟೋವ್ ಕೈಕೊಟ್ಟಾಗ ಮಾತ್ರ ಅವನ ನೆನಪಾಗಿ, ಇವನು ಈಗಲೇ ಒಳಗೆ ಹೋಗಬೇಕಿತ್ತೇ ಎಂದು ಸಿಡುಕಿದ್ದೂ ಉಂಟು.

ಮುಂದಿನ ವರ್ಷ ಕೇಸು ವಿಚಾರಣೆಗೆ ಬಂತು. ನನ್ನ ಸಾಕ್ಷಿಯ ದಿನ ಪಾನ್ ಅಂಗಡಿಯವನಿಗೆ ಜ್ವರ. ಹಾಗಾಗಿ ಇಡೀ ಪಂಚನಾಮೆಯ ಭಾರ ನನ್ನ ಹೆಗಲಿಗೆ ಬಿತ್ತು. ಹವಾಲ್ದಾರರು ಕೋರ್ಟಿನ ವರಾಂಡದಲ್ಲಿ ನನ್ನನ್ನು ಕಂಬದ ಹಿಂದೆ ನಿಲ್ಲಿಸಿಕೊಂಡು ಪಾಠ ಹೇಳಿಕೊಟ್ಟರು. ಬಾಯಿಪಾಠ ಒಪ್ಪಿಸಲು ತಡವರಿಸುವ ಮಕ್ಕಳಿಗೆ ನಾನು ಬೆತ್ತ ತೋರಿಸುತ್ತಿದ್ದವನು. ಅಲ್ಲಿ ಕಣ್ಣು ಮುಚ್ಚಿಕೊಂಡು, ತುಟಿ ಅಲ್ಲಾಡಿಸುತ್ತ, 'ಸದರಿ ಆರೋಪಿತನು ಮುಂದೆ ಮುಂದೆ ನಡೆದು' ಎಂದು ಹತ್ತು ಸಲ ಹೇಳಿಕೊಂಡೆ.

"ಹೆದರಬ್ಯಾಡ್ರಿ ಸರ. ನೀವು ಮಾಸ್ತರು. ನಿಮ್ಮ ಮಾತಿಗೆ ಯಾರೂ ಇಲ್ಲ ಅನ್ನಂಗಿಲ್ಲ" ಅಂದರು ಹವಾಲ್ದಾರರು.

ಸರ್ಕಾರಿ ವಕೀಲರು ಕೇಳುವವರೆಗೆ ಎಲ್ಲವೂ ಸುಸೂತ್ರವಾಗಿತ್ತು. ಸಹಿ ತೋರಿಸಿ ನಿಮ್ಮದೇ ಏನು ಅಂದರು. ನನ್ನದೇ ಎಂದು ಎದೆಯುಬ್ಬಿಸಿ ಹೇಳಿದೆ. ಆಮೇಲೆ ಆರೋಪಿಯ ಕಡೆಯ ವಕೀಲರು ಎದ್ದರು. ವಯಸ್ಸಾದವರು, ಮೆತ್ತಗಿನ ದನಿ.

"ಮಾಸ್ತರ್ರ, ಆರೋಪಿ ಮನಿಗೆ ನೀವು ಹೋಗಿದ್ರಿ?"

"ಹೋಗಿದ್ದೆ."

"ಆ ಮನಿ ಬಾಗಿಲಾ ಯಾವ ದಿಕ್ಕಿಗೈತ್ರಿ?"

ನನ್ನ ತಲೆ ಒರೆಸಿದ ಕರಿಹಲಗೆಯಾಯಿತು. ಪಂಚನಾಮೆಯಲ್ಲಿ ಏನೋ ಇತ್ತು. ಅಭಿಮುಖ ಎಂಬುದು ನೆನಪಿತ್ತು, ಅದರ ಹಿಂದಿನ ದಿಕ್ಕು ಹಾರಿಹೋಗಿತ್ತು. ನಲವತ್ತು ಮಕ್ಕಳನ್ನು ಎಬ್ಬಿಸಿ ನಿಲ್ಲಿಸಿ ಇಂಥದೇ ಮೌನವನ್ನು ನಾನು ಸಾವಿರ ಸಲ ಆನಂದಿಸಿದ್ದೆ. ಮ್ಯಾಜಿಸ್ಟ್ರೇಟರು ಪೆನ್ನು ಎತ್ತಿ ಹಿಡಿದು ಕಾಯುತ್ತಿದ್ದರು.

ಆಗ ನನ್ನ ಎಡಗಡೆ, ಕೈಯಳತೆಯ ದೂರದಲ್ಲಿ, ಆರೋಪಿಯ ಜಾಗದಲ್ಲಿ ನಿಂತಿದ್ದ ಅವನು ತಲೆ ತಗ್ಗಿಸಿಕೊಂಡೇ ಉಸಿರಿನಲ್ಲಿ ಹೇಳಿದ: "ಮೂಡಲಕ್ಕರಿ."

"ಪೂರ್ವಕ್ಕೆ" ಅಂದೆ ನಾನು ಗಟ್ಟಿಯಾಗಿ.

"ಹಿತ್ತಲದಾಗ ಏನೇನಿತ್ತರಿ?"

"ಗೊಬ್ಬರದ ಗುಂಡಿ..." ಅಂದು ನಿಂತೆ. ವಕೀಲರು, ಮತ್ತೇನು ಎಂಬಂತೆ ನೋಡಿದರು. ಎಡಗಡೆಯಿಂದ ಮತ್ತೆ ಉಸಿರು ಬಂತು: "ಬೇವಿನ ಗಿಡ."

"ಒಂದು ಬೇವಿನ ಮರ."

"ದೊಡ್ಡದ ಏನ್ರಿ?"

ಅಷ್ಟು ಹೊತ್ತಿಗೆ ನನಗೆ ಧೈರ್ಯ ಬಂದುಬಿಟ್ಟಿತ್ತು. "ಮಾಳಿಗೆಗಿಂತ ಎತ್ತರ. ಒಳ್ಳೆಯ ನೆರಳು. ಗಿಳಿಗಳೂ ಕೂತಿದ್ದವು" ಅಂದೆ. ವಕೀಲರು ನನಗೆ ಕೈಮುಗಿದು, "ಇಷ್ಟ ಸಾಕ್ರಿ" ಎಂದು ಕೂತರು. ಬಾಗಿಲ ಬಳಿ ನಿಂತಿದ್ದ ಹವಾಲ್ದಾರರ ಮುಖ ಅರಳಿತ್ತು.

ನಾನು ಕಟಕಟೆಯಿಂದ ಇಳಿದು ಹೊರಗೆ ಬಂದವನು ನೇರ ಬಸ್ಸು ಹಿಡಿದು ಮಾವನ ಮನೆಗೆ ಹೋದೆ. ಮಾರನೆಯ ವಾರ ಅವನಿಗೆ ಬಿಡುಗಡೆಯಾಯಿತೆಂಬ ಸುದ್ದಿ ಬಂತು. ಯಾಕೆ, ಹೇಗೆ ಎಂದು ನಾನು ಕೇಳಲಿಲ್ಲ. ಹವಾಲ್ದಾರರು ನನ್ನನ್ನು ನೋಡಿದರೆ ಆಚೆ ಬದಿಗೆ ದಾಟುತ್ತಿದ್ದರು, ಚಹಾದ ಕರೆಗಳು ನಿಂತವು. ನಾನು ಮಾತ್ರ ಅಲ್ಲಿ ನಡೆದದ್ದಕ್ಕೆ ನನ್ನದೇ ಅರ್ಥ ಕಟ್ಟಿಕೊಂಡಿದ್ದೆ. ತನಗೆ ಶಿಕ್ಷೆಯಾದರೂ ಚಿಂತೆಯಿಲ್ಲ, ಮಾಸ್ತರರು ನಾಲ್ಕು ಜನರೆದುರು ತಡವರಿಸಬಾರದು ಎಂದು ಒಬ್ಬ ಹಳೆಯ ಕಳ್ಳ ಉತ್ತರ ಹೇಳಿಕೊಟ್ಟನಲ್ಲ! ಅವನೇನು ನನ್ನ ಶಿಷ್ಯನಲ್ಲ, ಆದರೂ ಗುರು ಎಂಬ ಪದಕ್ಕೆ ಎಂಥ ಬೆಲೆ! ಇದನ್ನು ಸ್ಟಾಫ್ ರೂಮಿನಲ್ಲಿ ಹೇಳಿದೆ, ಬೀಗರ ಮನೆಗಳಲ್ಲಿ ಹೇಳಿದೆ, ಬೀಳ್ಕೊಡುಗೆ ಸಮಾರಂಭವೊಂದರಲ್ಲಿ ಮೈಕಿನ ಮುಂದೆ ಹೇಳಿ ಕಣ್ಣೊರೆಸಿಕೊಂಡೆ. ಪ್ರತಿ ಸಲ ಹೇಳುವಾಗಲೂ ಅವನ ಭಕ್ತಿ ತುಸು ಹೆಚ್ಚುತ್ತಿತ್ತು. ನಾನು ಸುಳ್ಳು ಸಾಕ್ಷಿ ಹೇಳಲು ಹೋಗಿದ್ದೆ ಎಂಬ ಭಾಗ ಪ್ರತಿ ಸಲವೂ ತುಸು ಗಿಡ್ಡವಾಗುತ್ತಿತ್ತು.

ತೊಂಬತ್ತರ ದಶಕ ಬಂತು. ಮನೆಮನೆಗೆ ಗ್ಯಾಸ್ ಬಂದು ಸ್ಟೋವ್ ರಿಪೇರಿಯ ದಂಧೆ ಮಲಗಿತು. ಒಂದು ಭಾನುವಾರ ಅವನು ನಮ್ಮ ಮನೆಯ ಬಾಗಿಲಿಗೆ ಬಂದು ನಿಂತ. ಕೈಯಲ್ಲಿ ಒಂದು ಕಾಗದ.

"ಮಾಸ್ತರ, ಕುಮಾರಪಟ್ಟಣದ ಫ್ಯಾಕ್ಟರಿ ಕಡೆ ಒಬ್ಬ ಕಂತ್ರಾಟದಾರ ಕೆಲಸ ಕೊಡತೇನಿ ಅಂದಾನ್ರಿ. ಫಿಟ್ಟರ್ ಕೈಕೆಳಗ. ನಡತಿ ಛಲೋ ಐತಿ ಅಂತ ಯಾರರ ದೊಡ್ಡವರು ಬರದು ಸಹಿ ಮಾಡಿ ಕೊಡಬೇಕಂತ. ಹೆಸರಿನ ಮ್ಯಾಲ ಹಳೇ ಕೇಸು ಐತಲ್ರಿ, ಆ ಕಾಗದ ಇಲ್ಲಂದ್ರ ಒಳಗ ಬಿಡಂಗಿಲ್ಲ." ಕಾಗದ ನನ್ನ ಮುಂದೆ ಚಾಚಿ ಹೇಳಿದ: "ನಿಮ್ಮ ಸಹಿ ಇದ್ರ ಯಾರೂ ಎದುರು ಮಾತಾಡಂಗಿಲ್ಲ."

ಒಳಗಿನಿಂದ ಹೆಂಡತಿ ನೋಡುತ್ತಿದ್ದಳು. ನಾನು ಪೆನ್ನಿನ ಟೋಪಿ ತೆಗೆದವನು ಮತ್ತೆ ಹಾಕಿದೆ. ಆ ಗಳಿಗೆಯಲ್ಲಿ ನನಗೆ ಎಲ್ಲಿಂದಲೋ ದೊಡ್ಡತನ ಉಕ್ಕಿ ಬಂತು.

"ಈ ಸಲ ನೋಡದ ಸಹಿ ಮಾಡೂದಿಲ್ಲಪ. ನಿನ್ನ ಮನಿ, ಸಂಸಾರ ಎಲ್ಲಾ ಕಣ್ಣಾರೆ ನೋಡಿ ಮಾಡತೇನಿ. ನಡಿ, ಬರತೇನಿ" ಅಂದೆ.

ಅವನು ನನ್ನ ಮುಖವನ್ನೇ ಒಂದು ಕ್ಷಣ ನೋಡಿದ. "ಬರ್ರಿ. ತಡಾ ಆತು, ಆದ್ರೂ ಬರ್ರಿ" ಅಂದ.

ಅವನ ಮನೆ ಊರಾಚೆ, ಹತ್ತಿಯ ಬೀಜ ಬಿಡಿಸುವ ಜಿನ್ನಿನ ಹಿಂದೆ. ನಾವು ತಲುಪಿದಾಗ ಸಂಜೆ ಐದಾಗಿತ್ತು. ಬಿಸಿಲು ಬಾಗಿಲಿನಿಂದ ಒಳಗೆ ನುಗ್ಗಿ ಎದುರು ಗೋಡೆಯ ಮೇಲಿನ ಕ್ಯಾಲೆಂಡರಿಗೆ ಬಡಿಯುತ್ತಿತ್ತು. ಕಣ್ಣಿಗೆ ಕೈ ಅಡ್ಡ ಹಿಡಿದು ಹೊಸ್ತಿಲಲ್ಲಿ ನಿಂತೆ. ಭೂಗೋಳವನ್ನೂ ನಾನೇ ಕಲಿಸುತ್ತಿದ್ದೆ, ಆದರೂ ಸಂಜೆಯ ಬಿಸಿಲು ಬೀಳುವ ಬಾಗಿಲು ಪೂರ್ವಕ್ಕಿರುವುದಿಲ್ಲ ಎಂದು ಹೊಳೆಯಲು ಹೊತ್ತು ಹಿಡಿಯಿತು. ಹೊಳೆದ ಮೇಲೆ ಹಿಂದಕ್ಕೆ ಹೋಗಿ ನೋಡಬೇಕೆನಿಸಿತು. ಹಿಂದೆ ಎಂಬುದೇ ಇರಲಿಲ್ಲ. ಜಿನ್ನಿನ ಕಲ್ಲಿನ ಕಾಂಪೌಂಡೇ ಮನೆಯ ಹಿಂಗೋಡೆ. ಹಿತ್ತಲಿಲ್ಲ, ಗೊಬ್ಬರದ ಗುಂಡಿಯಿಲ್ಲ.

"ಬೇವಿನ ಗಿಡ?" ಅಂದೆ.

"ಗಿಡ ನಾ ಹೇಳಿದ್ದೆರಿ" ಅಂದ. "ಗಿಳಿ ನೀವ ತಂದ್ರಿ."

ನಾನು ಚಾಪೆಯ ಮೇಲೆ ಕೂತೆ. ಅವನು ಸಿಟ್ಟಿಲ್ಲದೆ, ಸ್ಟೋವಿನ ದೋಷ ಹೇಳುವ ಹಾಗೆ ಹೇಳಿದ. ಹಂಡೆ ಯಾವುದೋ ಗುಜರಿ ಅಂಗಡಿಯಲ್ಲಿ ಸಿಕ್ಕಿತ್ತಂತೆ. ತಂದು ಕೊಟ್ಟವನನ್ನು ಹುಡುಕುವುದಕ್ಕಿಂತ ಇವನನ್ನು ಹುಣಸೆಮರದಿಂದ ಎಬ್ಬಿಸುವುದು ಹಗುರವಾಗಿತ್ತು. ಪಂಚನಾಮೆಯಲ್ಲಿ ಏನು ಬರೆದಿದೆ ಎಂದು ವಕೀಲರು ಅವನಿಗೆ ಮೊದಲೇ ಓದಿ ಹೇಳಿದ್ದರು. ಮನೆಯ ದಿಕ್ಕು, ಅಳತೆ ನಮೂದಿಸಿದ ಮುನ್ಸಿಪಾಲಿಟಿಯ ಉತಾರವನ್ನೂ ತೆಗೆಸಿ ಇಟ್ಟುಕೊಂಡಿದ್ದರು.

"ನಿಮಗ ನೆನಪಾಗದ 'ಗೊತ್ತಿಲ್ಲ' ಅಂದಿದ್ರ, ಮಾಸ್ತರು ಮರತಾರ ಅಂತ ಕೋರ್ಟಿನವ್ರು ಬಿಡತಿದ್ರೇನೋ, ಪಂಚನಾಮೆ ಹಂಗ ನಿಲ್ಲತಿತ್ತು. ಅದಕ್ಕ ಅವರು ಬರದಂಗ ನಿಮ್ಮ ಬಾಯಾಗ ಬರಲಿ ಅಂತ ಹೇಳಿಕೊಟ್ಟೆರಿ. ಗಿಳಿ ಕೇಳಿ ಜಡ್ಜ್ ಸಾಹೇಬ್ರು ಬರಿಯೂದು ನಿಲ್ಲಿಸಿ ನಕ್ಕರು. ನೀವು ನೋಡಲಿಲ್ಲ."

ಇಷ್ಟು ವರ್ಷ ಮೈಕಿನಲ್ಲಿ ಹೇಳಿದ ಗುರುಭಕ್ತಿ ಚಾಪೆಯ ಮೇಲೆ ನನ್ನ ಜೊತೆ ಮುದುಡಿ ಕೂತಿತ್ತು. ಊರಿನಲ್ಲಿ ನನ್ನಷ್ಟು ದಡ್ಡ ಸಾಕ್ಷಿ ಸಿಕ್ಕಿದ್ದೇ ಅವನ ಪುಣ್ಯ. ನಾನು ಇನ್ನೊಂದು ಸ್ವಲ್ಪ ಬುದ್ಧಿವಂತನಾಗಿದ್ದರೆ ಅವನಿಗೆ ಶಿಕ್ಷೆಯಾಗುತ್ತಿತ್ತು.

ಅವನ ಹೆಂಡತಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ತಿರುಗಿ ನೋಡಿರಲಿಲ್ಲ. ಅವನು ದನಿ ತಗ್ಗಿಸಿದ. "ಆ ಮೂರು ತಿಂಗಳು ಈಕಿ ಮೆಣಸಿನಕಾಯಿ ತೊಟ್ಟು ಬಿಡಸಾಕ ಹೋಗಿ ಮನಿ ನಡಿಸಿದಳ್ರಿ. ಕೂಸು ಆಗ ಐದು ತಿಂಗಳದ್ದು. ಎಷ್ಟು ತೊಳದ್ರೂ ಕೈಯಾಗಿನ ಖಾರ ಹೋಗತಿರಲಿಲ್ಲ. ಮುಟ್ಟಿದ್ರ ಸಾಕು, ಕೂಸು ಚೀರತಿತ್ತಂತ."

ಏನಾದರೂ ಒಂದು ಮಾತು ಸಿಗಲಿ, ನನ್ನ ನೋಟ್ಸಿನ ಒಂದು ಸಾಲಾದರೂ ಉಳಿಯಲಿ ಎಂದು ಕೇಳಿದೆ: "ನೀನು ಹಿಂದಕ ಸೈಕಲ್ ಕದಿಯೂದು ಬಿಟ್ಟೆಲ್ಲ, ಪೊಲೀಸರ ಹೆದರಿಕೀಗೆ ಹೌದಲ್ಲೋ?"

"ಇಲ್ರಿ. ಅವರು ಹೊಡದ್ರ ಎರಡು ದಿನ ಮೈ ನೋಯತಿತ್ತು. ಮೂರನೇ ದಿನಕ್ಕ ಮತ್ತ ಸೈಕಲ್ ಕಣ್ಣಿಗೆ ಬೀಳತಿತ್ತು." ಒಲೆಯ ಕಡೆ ಗದ್ದ ತಿರುಗಿಸಿದ. "ಈಕಿ ಮಾತು ಬಿಟ್ಟಳ್ರಿ. ಬಿಸಿ ರೊಟ್ಟಿ ಹಾಕತಿದ್ದಳು, ಪಲ್ಯ ಹಾಕತಿದ್ದಳು, ನೀರು ಇಡತಿದ್ದಳು. ಒಂದು ಮಾತಿಲ್ಲ. ಜೈಲಿನ್ಯಾಗ ಕಾವಲಿನವರರ ಮಾತಾಡಸ್ತಾರ್ರಿ. ಅದನ್ನ ತಡಕೊಳ್ಳಾಕ ಆಗಲಿಲ್ಲ, ಬಿಟ್ಟೆ."

ಕಾಗದ ತೆಗೆದುಕೊಂಡು ಬರೆದುಕೊಟ್ಟೆ. ಈ ಮನುಷ್ಯನನ್ನು ಬಲ್ಲೆ, ಇವನ ಮನೆಗೆ ಬಂದಿದ್ದೇನೆ, ನಡತೆ ಒಳ್ಳೆಯದು. ಸಹಿ ಮಾಡುವಾಗ ಮೊದಲ ಅಕ್ಷರ ಮೇಲೆ ಏಳಲೇ ಇಲ್ಲ. ಒಂದನೇ ಇಯತ್ತೆಯ ಹುಡುಗನ ಹಾಗೆ ಬಿಡಿಬಿಡಿಯಾಗಿ ಹೆಸರು ಬರೆದೆ. ಗೆರೆ, ಚುಕ್ಕೆ ಯಾವುದೂ ಇಲ್ಲ.

ಏಳಬೇಕೆನ್ನುವಾಗ ಆಕೆ ಬಂದು ನನ್ನ ಮುಂದೆ ತಾಟು ಇಟ್ಟಳು. ಎರಡು ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಒಂದು ಉಳ್ಳಾಗಡ್ಡಿ. ತಂಬಿಗೆಯಲ್ಲಿ ನೀರು. ಇಟ್ಟು ಹೋಗಿ ಮತ್ತೆ ಒಲೆಯ ಮುಂದೆ ಕೂತಳು. ನಾನು ಒಂದು ತುತ್ತು ಬಾಯಿಗಿಟ್ಟೆ.

"ರೊಟ್ಟಿ ಭಾಳ ಛಲೋ ಅದಾವ ತಂಗಿ" ಅಂದೆ.

ಆಕೆ ಹಂಚಿನ ಮೇಲಿನ ರೊಟ್ಟಿಯನ್ನು ತಿರುವಿ ಹಾಕಿದಳು.

"ನಂದು ತಪ್ಪಾತು, ತಂಗಿ" ಅಂದೆ. ಮನಸಾರೆ ಅಂದೆ. ಆಕೆ ಒಲೆಗೆ ಇನ್ನೊಂದು ಕಟ್ಟಿಗೆ ದೂಡಿದಳು.

ಅವನು ತನ್ನ ತಾಟಿನಲ್ಲಿ ರೊಟ್ಟಿ ಮುರಿಯುತ್ತ, ನನ್ನ ಮುಖ ನೋಡದೆ, ಕೋರ್ಟಿನಲ್ಲಿ ಹೇಳಿದಷ್ಟೇ ಮೆಲ್ಲಗೆ ಹೇಳಿದ:

"ಈಕಿ ಮಾತಾಡೂತನಕ ನನಗ ಒಂದು ತಿಂಗಳು ಹಿಡೀತರಿ, ಮಾಸ್ತರ. ನಿಮಗೆಷ್ಟು ಹಿಡೀತೇತೋ ಗೊತ್ತಿಲ್ಲ."

ಆಕೆ ಎದ್ದು ಬಂದು, ಏನೂ ಮಾತಾಡದೆ, ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.